ರಾಣಿಪುರಂನಲ್ಲಿ ಉಪ್ಪು ಹಚ್ಚಿದರೂ ಇಂಬಳ ಕಚ್ಚಿದ್ದೇಕೆ?
ಜುಲೈಯಲ್ಲಿ ಕಾಸರಗೋಡು ಜಿಲ್ಲೆಯ ರಾಣಿಪುರಂ ಬೆಟ್ಟ ಹತ್ತುವಾಗ ಕಾಲಿಗೆ ಉಪ್ಪು ಸವರಿದ್ದರೂ ಇಂಬಳ (ಜಿಗಣೆ) ಕಚ್ಚಿತೆಂದರೆ, ಬಹುಶಃ ಮಳೆಗೆ ಉಪ್ಪು ತೊಳೆದುಹೋಗಿದೆ. ಮಾಮೂಲಿ ಕಾಲುಚೀಲದ ಹೆಣಿಗೆಯೂ ಸಡಿಲ, ಸಣ್ಣ ಇಂಬಳಗಳು ಅದರೊಳಗೇ ನುಸುಳುತ್ತವೆ. ಮುಂದಿನ ಸಲ ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗಿನ ಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ತುರುಕಿ ದಾರ ಬಿಗಿಯಿರಿ. ಮರಗಳಡಿಯ ತರಗೆಲೆ ದಾರಿಯಲ್ಲಿ ನಿಲ್ಲಲೇಬೇಡಿ, ಮೇಲಿನ ಹುಲ್ಲುಗಾವಲು ತಲುಪಿಯೇ ದಣಿವಾರಿಸಿಕೊಳ್ಳಿ.

ಕಚ್ಚಿದ ಮೇಲೆ ಉಪ್ಪು, ಬೆಂಕಿ ಎರಡೂ ಬೇಡ. ಹೊಟ್ಟೆಯಲ್ಲಿದ್ದದ್ದನ್ನು ಇಂಬಳ ಗಾಯಕ್ಕೇ ಕಾರಬಹುದು. ಮೊದಲು ತೆಳ್ಳಗಿನ ತುದಿ, ಆಮೇಲೆ ದಪ್ಪ ತುದಿ, ಹೀಗೆ ಉಗುರು ಜಾರಿಸಿ ಬಿಡಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಗಂಟೆಗಟ್ಟಲೆ ಒಸರಿದರೂ ಗಾಬರಿಯಾಗದೆ ಸಾಬೂನಿನಿಂದ ತೊಳೆದು ಬಟ್ಟೆ ಒತ್ತಿ ಕಟ್ಟಿ.

ಮಕ್ಕಳಿದ್ದರೆ ಡಿಸೆಂಬರ್, ಜನವರಿಯೇ ವಾಸಿ. ಆಮೇಲೆ ಹುಲ್ಲು ಒಣಗಿ, ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ದಾರಿ ಮುಚ್ಚಿರಲೂಬಹುದು. ಕೆಳಗಿನ ಪಟ್ಟಣ ಕಾಞಂಗಾಡು ಬಿಡುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ.