ಯಂತ್ರಗಳು ಉದ್ಯೋಗಗಳನ್ನು ಕಸಿಯುವವೇ?

ಪ್ರಶ್ನೆ: ಸ್ವಯಂಚಾಲನೆ ಮತ್ತು ಕೃತಕ ಬುದ್ಧಿಮತ್ತೆಯಿಂದ ಮನುಷ್ಯರ ಉದ್ಯೋಗಗಳೆಲ್ಲ ಇಲ್ಲವಾಗುತ್ತವೆಯೇ?

ಉತ್ತರ: ಎಲ್ಲವೂ ಇಲ್ಲವಾಗುವ ಸಂಭವ ಕಡಿಮೆ. ಅಮೆರಿಕದ ಶೇ. 47ರಷ್ಟು ಉದ್ಯೋಗಗಳು ಯಂತ್ರಗಳ ಪಾಲಾಗುವ ಅಪಾಯ ಹೆಚ್ಚೆಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಫ್ರೇ ಮತ್ತು ಆಸ್ಬಾರ್ನ್ 2013ರಲ್ಲಿ ಅಂದಾಜಿಸಿದ್ದರು. ವೃತ್ತಿಯನ್ನು ಇಡಿಯಾಗಿ ನೋಡದೆ ಅದರೊಳಗಿನ ಬಿಡಿ ಕೆಲಸಗಳನ್ನು ಪರಿಗಣಿಸಿದ 2016ರ ಒಇಸಿಡಿ (ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ) ಅಧ್ಯಯನದಲ್ಲಿ, ಇಂಥ ಅಪಾಯದ ಉದ್ಯೋಗಗಳ ಪಾಲು 21 ದೇಶಗಳಲ್ಲಿ ಸರಾಸರಿ ಕೇವಲ ಶೇ. 9ರಷ್ಟಿತ್ತು. ಈ ಅಂತರವೇ ಗಮನಾರ್ಹ: ಯಂತ್ರವು ಸಾಮಾನ್ಯವಾಗಿ ಕಿತ್ತುಕೊಳ್ಳುವುದು ವೃತ್ತಿಯ ಕೆಲವು ಭಾಗಗಳನ್ನು ಮಾತ್ರ. (ಎರಡೂ ಚಾಟ್‌ಜಿಪಿಟಿಯಂಥ, ಬರಹವನ್ನು ತಾವೇ ರಚಿಸುವ ಇಂದಿನ ಭಾಷಾ ಮಾದರಿಗಳು ಬರುವ ಮೊದಲಿನ ಲೆಕ್ಕಗಳೆಂಬುದು ನೆನಪಿರಲಿ.) ಕಾರ್ಖಾನೆಗಳಲ್ಲಿದ್ದ ಆತಂಕ ಈಗ ಕರಡು ಬರೆಯುವವರಿಗೂ ಅನುವಾದಕರಿಗೂ ಪ್ರೋಗ್ರಾಮರ್‌ಗಳಿಗೂ ತಟ್ಟಿದೆ. ನನ್ನ ಮಟ್ಟಿಗೆ ಹೆಚ್ಚು ಚಿಂತೆಯ ವಿಷಯವೆಂದರೆ ಹೊಸಬರ ಸ್ಥಿತಿ. ಹಿರಿಯರು ಕಿರಿಯರಿಗೆ ಒಪ್ಪಿಸುತ್ತಿದ್ದ ಸರಳ ಕೆಲಸಗಳನ್ನೇ ಯಂತ್ರಗಳು ಮೊದಲು ಮಾಡತೊಡಗಿದರೆ, ಅನುಭವ ಗಳಿಸುವ ದಾರಿಯೇ ಕಿರಿದಾಗಬಹುದು.