ಖಳನನ್ನು ನೋಡಿ ಸಂಪುಟ ಕೊಳ್ಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಸೂಪರ್‌ಹೀರೊ ಕಾಮಿಕ್ಸ್ ಸಂಪುಟಗಳ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ‘ಬ್ಯಾಟ್‌ಮ್ಯಾನ್: ದ ಕಿಲ್ಲಿಂಗ್ ಜೋಕ್’ ಎರಡು ಬಗೆಯ ಬಣ್ಣದಲ್ಲಿದೆಯಂತೆ. ಹಳೆ ಪುಸ್ತಕದಂಗಡಿಯಲ್ಲಿ ಒಂದು ಪ್ರತಿ ಸಿಕ್ಕಿದೆ. ಯಾವುದೆಂದು ಗುರುತಿಸುವುದು ಹೇಗೆ? ಯಾವುದು ಒಳ್ಳೆಯದು?
(ಬಿ.ಎಚ್. ರಸ್ತೆ, ತುಮಕೂರು)

ಉತ್ತರ: ಬ್ಯಾಟ್‌ಮ್ಯಾನ್ ಎದೆಯ ಮೇಲಿನ ಬಾವಲಿ ಗುರುತನ್ನು ನೋಡಿ. ಅದರ ಹಿಂದೆ ಹಳದಿ ಅಂಡಾಕಾರ ಇದ್ದರೆ ಅದು 1988ರ ಬಣ್ಣ, ಜಾನ್ ಹಿಗಿನ್ಸ್ ಹಚ್ಚಿದ್ದು. ಹಳದಿ ಇಲ್ಲದಿದ್ದರೆ 2008ರ ಬಣ್ಣ. ಚಿತ್ರ ಬರೆದ ಬ್ರಯಾನ್ ಬೋಲಂಡ್ ಇಪ್ಪತ್ತು ವರ್ಷದ ಮೇಲೆ ತಾವೇ ಕೂತು ಇಡೀ ಪುಸ್ತಕಕ್ಕೆ ಬಣ್ಣ ಬದಲಿಸಿದರು. ಈಗ ಹೊಸದಾಗಿ ಸಿಗುವ ಪ್ರತಿಗಳಲ್ಲಿ ಹೆಚ್ಚಿನವು ಇವೇ.

ಹಿಗಿನ್ಸ್ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ನೇರಳೆ, ಕಿತ್ತಳೆ, ಹಳದಿ, ಥೇಟ್ ಜಾತ್ರೆಯ ದೀಪ. ಕಥೆಯ ಮುಖ್ಯ ಭಾಗ ನಡೆಯುವುದೂ ಪಾಳುಬಿದ್ದ ಒಂದು ಜಾತ್ರೆ ಮೈದಾನದಂಥ ಜಾಗದಲ್ಲೇ. ಬೋಲಂಡ್ ಬಣ್ಣ ತಣ್ಣಗಿದೆ, ರೇಖೆಗಳು ಚೆನ್ನಾಗಿ ಕಾಣುತ್ತವೆ. ಬ್ಯಾಟ್‌ಮ್ಯಾನ್‌ನ ವೈರಿ ಜೋಕರ್‌ನ ಹಿಂದಿನ ಬದುಕು ಬರುವ ಪುಟಗಳಲ್ಲಂತೂ ಎಲ್ಲ ಕಪ್ಪು-ಬಿಳುಪು, ಅಲ್ಲಲ್ಲಿ ಒಂದೊಂದು ವಸ್ತು ಮಾತ್ರ ಕೆಂಪು. ಬಹಳ ಜನ ಇದನ್ನೇ ಮೆಚ್ಚುತ್ತಾರೆ. ನಮ್ಮ ಮತ ಹಿಗಿನ್ಸ್‌ಗೆ. ಕಾರಣ ಜೋಕರ್‌ನ ಮಾತಿನಲ್ಲೇ ಇದೆ: ತನಗೊಂದು ಗತಕಾಲ ಇರಲೇಬೇಕಾದರೆ ಅದು ಆಯ್ಕೆಗೆ ನಾಲ್ಕಾರು ಉತ್ತರ ಕೊಟ್ಟ ಪ್ರಶ್ನೆಪತ್ರಿಕೆಯಂತಿರಲಿ ಅನ್ನುತ್ತಾನೆ. ಅಂದರೆ ಆ ನೆನಪು ನಿಜವೋ ಸುಳ್ಳೋ ಅವನಿಗೇ ಗೊತ್ತಿಲ್ಲ. ಕಪ್ಪು-ಬಿಳುಪು ಮಾಡಿದೊಡನೆ ಅದು ಮನೆಯ ಹಳೆ ಫೋಟೊದಂತೆ ನಂಬಿಕೆ ಹುಟ್ಟಿಸಿಬಿಡುತ್ತದೆ. ಇಡೀ ಖಳನಿಗೆ ಆಧಾರವಾಗಿರುವ ಅನುಮಾನವೇ ಸಡಿಲವಾಗುತ್ತದೆ.

ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ನೆಲದ ನೀರಿನ ಮೇಲೆ ಬೀಳುತ್ತಿರುವ ಮಳೆಹನಿಗಳ ಬಳೆಗಳು. ನಡುವೆ ಅಷ್ಟೆಲ್ಲ ನಡೆದಿದ್ದರೂ ಬ್ಯಾಟ್‌ಮ್ಯಾನ್, ಜೋಕರ್ ಇಬ್ಬರೂ ಒಂದು ಹೆಜ್ಜೆ ಮುಂದೆ ಹೋಗಿಲ್ಲ ಅನ್ನುವುದನ್ನು ಕಥೆ ಬರೆದ ಆಲನ್ ಮೂರ್ ಒಂದೂ ಮಾತಿಲ್ಲದೆ ಹೇಳಿದ್ದಾರೆ. ಆದರೆ ಪೊಲೀಸ್ ಕಮಿಷನರ್ ಮಗಳು ಬಾರ್ಬರಾ ಗಾರ್ಡನ್‌ಗೆ ಈ ಪುಸ್ತಕ ಮಾಡಿದ್ದು ಅನ್ಯಾಯವೇ. ಅಪ್ಪನಿಗೆ ನೋವು ಕೊಡಲೆಂದು ಜೋಕರ್ ಮಗಳ ಮೇಲೆ ಗುಂಡು ಹಾರಿಸುತ್ತಾನೆ, ಆಮೇಲೆ ಕಥೆ ಅವಳನ್ನು ಮರೆತುಬಿಡುತ್ತದೆ. ಜಾನ್ ಆಸ್ಟ್ರಾಂಡರ್ ಮತ್ತು ಕಿಮ್ ಯೇಲ್ 1989ರಲ್ಲಿ ಅವಳನ್ನು ‘ಒರಾಕಲ್’ ಆಗಿ ಮರಳಿ ತಂದರು: ಗಾಲಿಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಮೂಲಕ ವೀರರಿಗೆ ದಾರಿ ತೋರುವವಳು. ಅದನ್ನೂ ಓದಿದರೇ ಈ ಕಥೆಯ ಲೆಕ್ಕ ಚುಕ್ತಾ.

ಜೋಕರ್ 1940ರಲ್ಲಿ ‘ಬ್ಯಾಟ್‌ಮ್ಯಾನ್’ ಮೊದಲ ಸಂಚಿಕೆಯಲ್ಲೇ ಸಾಯಬೇಕಿತ್ತು. ಬದುಕಿದ್ದಾನೆಂದು ತೋರಿಸುವ ಒಂದೇ ಒಂದು ಚೌಕಟ್ಟನ್ನು ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಕೊನೆ ಗಳಿಗೆಯಲ್ಲಿ ಸೇರಿಸಿದರು. ನಾವು ಇಷ್ಟು ಮಾತಾಡುತ್ತಿರುವುದು ಆ ಒಂದು ಚೌಕಟ್ಟಿನ ದೆಸೆಯಿಂದ.

ಪ್ರಶ್ನೆ: ಸಿನಿಮಾದಲ್ಲಿ ಥಾನೋಸ್‌ನನ್ನು ನೋಡಿದ್ದೇನೆ. ಪುಸ್ತಕದಲ್ಲಿ ಎಲ್ಲಿಂದ ಶುರು ಮಾಡಲಿ?
(ಮಾಲೂರು)

ಉತ್ತರ: ಪುಸ್ತಕದ ಥಾನೋಸ್ ಬೇರೆಯೇ. ಸಿನಿಮಾದವನಿಗೆ ಜನಸಂಖ್ಯೆಯ ಚಿಂತೆ. ಪುಸ್ತಕದವನಿಗೆ ಮೃತ್ಯುವಿನ ಮೇಲೆ ಮೋಹ. ಮೃತ್ಯು ಅಲ್ಲಿ ಹೆಣ್ಣಾಗಿ ಪಕ್ಕದಲ್ಲೇ ನಿಂತಿರುತ್ತಾಳೆ, ಒಲಿಯುವುದಿಲ್ಲ. ಅವಳನ್ನು ಒಲಿಸಿಕೊಳ್ಳಲು ಅರ್ಧ ಬ್ರಹ್ಮಾಂಡವನ್ನು ಚಿಟಿಕೆ ಹೊಡೆದು ಅಳಿಸುತ್ತಾನೆ. ಸಿದ್ಧಾಂತ ಹೇಳುವವನಿಗಿಂತ ಈ ಸೋತ ಪ್ರೇಮಿ ಹೆಚ್ಚು ಭಯ ಹುಟ್ಟಿಸುತ್ತಾನೆ.

‘ಇನ್ಫಿನಿಟಿ ಗಾಂಟ್ಲೆಟ್’ 1991ರ ಆರು ಸಂಚಿಕೆಗಳ ಕಥೆ. ನೇರ ಅದಕ್ಕೇ ಕೈ ಹಾಕಬೇಡಿ. ಮೊದಲು ‘ಥಾನೋಸ್ ಕ್ವೆಸ್ಟ್’ ಓದಿ. 1990ರದು, ಎರಡೇ ಸಂಚಿಕೆ. ಎರಡೂ ಬರೆದವರು ಥಾನೋಸ್‌ನನ್ನು 1973ರಲ್ಲಿ ಸೃಷ್ಟಿಸಿದ ಜಿಮ್ ಸ್ಟಾರ್ಲಿನ್. ಬ್ರಹ್ಮಾಂಡವನ್ನೇ ಆಳುವ ಶಕ್ತಿ ಕೊಡುವ ಆರು ಮಣಿಗಳನ್ನು ಆರು ಜನರ ಕೈಯಿಂದ ಥಾನೋಸ್ ಹೇಗೆ ಕಸಿದುಕೊಂಡ ಅನ್ನುವುದು ‘ಕ್ವೆಸ್ಟ್’ನಲ್ಲಿದೆ. ಒಬ್ಬ ಜಟ್ಟಿಯನ್ನು ಕೆರಳಿಸಿ, ಅವನ ಗುದ್ದಿಗೆ ಅವನು ನಿಂತ ಗ್ರಹವೇ ಪುಡಿಯಾಗುವಂತೆ ಮಾಡಿ, ‘ಇಲ್ಲಿಂದ ಕರೆದೊಯ್ಯುತ್ತೇನೆ, ಮಣಿ ಕೊಡು’ ಅನ್ನುತ್ತಾನೆ. ಥಾನೋಸ್‌ನ ಬಲ ಬುದ್ಧಿಯಲ್ಲಿದೆ ಅನ್ನುವುದು ಇಲ್ಲಿ ತಿಳಿಯದಿದ್ದರೆ ಮುಂದಿನ ಆರು ಸಂಚಿಕೆ ಬರೀ ಹೊಡೆದಾಟವಾಗಿ ಕಾಣುತ್ತವೆ. ನಾಲ್ಕನೆಯ ಸಂಚಿಕೆಯ ನಡುವೆ ಚಿತ್ರಕಾರರು ಬದಲಾಗುತ್ತಾರೆ, ಜಾರ್ಜ್ ಪೆರೆಜ್ ಹೋಗಿ ರಾನ್ ಲಿಮ್ ಬರುತ್ತಾರೆ. ಮುದ್ರಣದ ತಪ್ಪೆಂದು ಪುಸ್ತಕ ವಾಪಸ್ ಮಾಡಬೇಡಿ. ಕೊನೆಯ ಪುಟಗಳಲ್ಲಿ ಥಾನೋಸ್ ಎಲ್ಲಿದ್ದಾನೆ, ಏನು ಕೆಲಸ ಮಾಡುತ್ತಿದ್ದಾನೆ ಎಂಬುದನ್ನು ನಾವು ಹೇಳುವುದಿಲ್ಲ. ಹೊಲದಲ್ಲಿ ಗೇಯ್ದು ಗೊತ್ತಿರುವವರಿಗೆ ಆ ಪುಟ ಇನ್ನೊಂದು ಪಟ್ಟು ಹೆಚ್ಚು ತಟ್ಟುತ್ತದೆ.

ಪ್ರಶ್ನೆ: ಗ್ಯಾಲಕ್ಟಸ್ ಹಸಿವಾದಾಗ ಗ್ರಹಗಳನ್ನು ತಿನ್ನುತ್ತಾನೆ. ದ್ವೇಷವಿಲ್ಲ, ಸಂಚಿಲ್ಲ. ಅವನನ್ನು ಖಳ ಅನ್ನಬಹುದೇ?
(ಚಿಂತಾಮಣಿ)

ಉತ್ತರ: ಒಳ್ಳೆಯ ಪ್ರಶ್ನೆ, ಅದೂ ಬರಬೇಕಾದ ಊರಿನಿಂದಲೇ ಬಂದಿದೆ. ನಿಮ್ಮ ತಾಲ್ಲೂಕಿನ ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಅನ್ನುತ್ತದೆ ಐತಿಹ್ಯ. ಬಕನದೂ ಹಸಿವೇ. ಆದರೆ ಅವನು ಊರಿನವರ ಜೊತೆ ಕರಾರು ಮಾಡಿಕೊಂಡಿದ್ದ: ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ಕರಾರು ಮಾಡಿಕೊಳ್ಳುವವನಿಗೆ ಎದುರಿಗಿರುವವರು ಜೀವವಿರುವವರೆಂದು ಗೊತ್ತಿರುತ್ತದೆ. ಹಾಗಾಗಿ ಬಕ ದುಷ್ಟ. ಗ್ಯಾಲಕ್ಟಸ್‌ಗೆ ನಾವು ಕಾಣಿಸುವುದೇ ಇಲ್ಲ. ಅವನಿಗೆ ಖಳ ಅನ್ನುವುದಕ್ಕಿಂತ ವಿಪತ್ತು ಅನ್ನುವುದು ಸರಿ. ಕಥೆಯ ನಿಜವಾದ ಜಗಳ ಅವನ ದೂತ ಸಿಲ್ವರ್ ಸರ್ಫರ್‌ನ ಒಳಗೆ ನಡೆಯುತ್ತದೆ. ಕಣ್ಣು ಕಾಣದ ಶಿಲ್ಪಿ ಅಲಿಶಿಯಾ ಜೊತೆ ಮಾತಾಡಿದ ಮೇಲೆ ಅವನು ಒಡೆಯನಿಗೇ ಎದುರು ನಿಲ್ಲುತ್ತಾನೆ.

ಓದಬೇಕಾದದ್ದು ‘ಫೆಂಟಾಸ್ಟಿಕ್ ಫೋರ್’ 48ರಿಂದ 50, 1966. ಒಂದು ಎಚ್ಚರಿಕೆ: 48ರ ಮೊದಲ ಪುಟಗಳಲ್ಲಿ ಹಿಂದಿನ ಕಥೆ ಮುಗಿಯುತ್ತಿರುತ್ತದೆ, 50ರ ಅರ್ಧಕ್ಕೇ ಈ ಕಥೆ ಮುಗಿದು ಬೇರೆ ಶುರುವಾಗುತ್ತದೆ. ಪುಟ ಕಳೆದಿಲ್ಲ, ಆಗ ಬಿಡಿ ಸಂಚಿಕೆಗಳು ಬರುತ್ತಿದ್ದದ್ದೇ ಹಾಗೆ.

ಪ್ರಶ್ನೆ: ಸಂಪುಟ ಕೊಳ್ಳುವ ಮೊದಲು ಏನೇನು ನೋಡಬೇಕು? ಬೇನ್‌ನ ‘ನೈಟ್‌ಫಾಲ್’ ತರಿಸಬೇಕೆಂದಿದ್ದೇನೆ.
(ಶಿರಾ)

ಉತ್ತರ: ಹೆಸರು ನೋಡಿ ಕೊಳ್ಳಬೇಡಿ, ಸಂಚಿಕೆಗಳ ಸಂಖ್ಯೆ ನೋಡಿ. ಹಿಂಬದಿಯ ಹೊದಿಕೆಯಲ್ಲೋ, ಒಳಗೆ ಹಕ್ಕುಸ್ವಾಮ್ಯದ ಸಣ್ಣಕ್ಷರದಲ್ಲೋ ಯಾವ ಯಾವ ಸಂಚಿಕೆ ಸೇರಿದೆ ಎಂದು ಇರುತ್ತದೆ. ‘ನೈಟ್‌ಫಾಲ್’ನಲ್ಲಿ ಬೇನ್ ಬ್ಯಾಟ್‌ಮ್ಯಾನ್‌ನ ಬೆನ್ನು ಮುರಿಯುವುದು 1993ರ ‘ಬ್ಯಾಟ್‌ಮ್ಯಾನ್’ 497ರಲ್ಲಿ. ಅದು ಎಲ್ಲ ಮುದ್ರಣದಲ್ಲೂ ಇರುತ್ತದೆ. ನೀವು ಹುಡುಕಬೇಕಾದ್ದು ‘ವೆಂಜನ್ಸ್ ಆಫ್ ಬೇನ್’ ಮೊದಲ ಸಂಚಿಕೆ. ಅಪ್ಪನ ಶಿಕ್ಷೆಯನ್ನು ಬೇನ್ ಜೈಲಿನಲ್ಲೇ ಹುಟ್ಟಿ ಅನುಭವಿಸಿದ ಕಥೆ ಅದರಲ್ಲಿದೆ. ಅದಿಲ್ಲದ ಹಳೆಯ ಮುದ್ರಣಗಳಿವೆ. ಅವುಗಳಲ್ಲಿ ಬೇನ್ ಬರೀ ದಾಂಡಿಗ.

ಆಮೇಲೆ ಬೈಂಡಿಂಗ್. ಪುಸ್ತಕವನ್ನು ನಡುವೆ ತೆರೆದು ಬೆನ್ನಿನ ಮೇಲ್ತುದಿ ನೋಡಿ. ಪುಟಗಳು ಸಣ್ಣ ಸಣ್ಣ ಕಟ್ಟುಗಳಾಗಿ ಮಡಿಚಿ ನೂಲಿನಿಂದ ಹೊಲಿದಿದ್ದರೆ ಅಗಲವಾಗಿ ತೆರೆಯುತ್ತದೆ. ಬರೀ ಅಂಟಿನದಾದರೆ ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗ ಸಂದಿಯಲ್ಲಿ ಮುಳುಗುತ್ತದೆ. ಬಲವಂತವಾಗಿ ತೆರೆದರೆ ಹಾಳೆ ಕಿತ್ತು ಬರುತ್ತದೆ. ನಕಲಿ ಪ್ರತಿಯಾದರೆ ಮಾತಿನ ಗುಳ್ಳೆಯೊಳಗಿನ ಅಕ್ಷರದ ಅಂಚು ಮಸುಕಾಗಿರುತ್ತದೆ, ಕಪ್ಪು ಜಾಗ ಬೂದುಬಣ್ಣಕ್ಕೆ ತಿರುಗಿರುತ್ತದೆ.

ಪ್ರಶ್ನೆ: ಹನ್ನೆರಡು ವರ್ಷದ ಮಗನಿಗೆ ಖಳರ ಕಥೆಯೇ ಬೇಕಂತೆ. ಯಾವುದು ಕೊಡಿಸಲಿ?
(ತಿಪಟೂರಿನ ತಾಯಿಯೊಬ್ಬರು)

ಉತ್ತರ: ‘ಸೂಪರ್‌ಮ್ಯಾನ್ ಸ್ಮ್ಯಾಶಸ್ ದ ಕ್ಲಾನ್’ ಕೊಡಿಸಿ ತಾಯಿ. ಜೀನ್ ಲುಯೆನ್ ಯಾಂಗ್ ಬರೆದದ್ದು, ಮೂರು ಸಂಚಿಕೆ, ಒಂದೇ ಸಂಪುಟ. ಅಲ್ಲಿನ ಖಳರು ಮುಸುಕು ಹಾಕಿದ ಅಕ್ಕಪಕ್ಕದ ಮನೆಯವರೇ, ವಲಸೆ ಬಂದ ಚೀನೀ ಕುಟುಂಬವನ್ನು ಓಡಿಸಲು ನಿಂತವರು. ಮೇಲೆ ಹೇಳಿದ ‘ಕಿಲ್ಲಿಂಗ್ ಜೋಕ್’ ಮಾತ್ರ ಈಗ ಬೇಡ.

ಪ್ರಶ್ನೆ: ತಂದೆಯವರ ಕಾಲದ ಕನ್ನಡ ಇಂದ್ರಜಾಲ ಕಾಮಿಕ್ಸ್ ಇವೆ, ಹೊಸ ದಪ್ಪ ಸಂಪುಟಗಳೂ ಇವೆ. ಕಾಪಾಡುವುದು ಹೇಗೆ?
(ಕೋಲಾರ)

ಉತ್ತರ: ಎರಡಕ್ಕೂ ಆರೈಕೆ ಬೇರೆ. ಇಂದ್ರಜಾಲ 1964ರಿಂದ 1990ರವರೆಗೆ ಬಂದದ್ದು, ಕಾಗದ ಅಗ್ಗದ್ದು, ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ. ತುಕ್ಕು ಹಿಡಿದ ಪಿನ್ನುಗಳನ್ನು ಹಿಂದಿನಿಂದ ಬಿಡಿಸಿ ತೆಗೆದು, ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಹಾಕಿ ಕಟ್ಟಿ. ಸೆಲ್ಲೋಟೇಪ್ ಬೇಡವೇ ಬೇಡ, ಅದರ ಅಂಟು ಕೆಲವೇ ವರ್ಷದಲ್ಲಿ ಕಂದು ಕಲೆಯಾಗಿ ಕಾಗದಕ್ಕೆ ಇಳಿಯುತ್ತದೆ. ನುಸಿಗುಳಿಗೆ ಇಡುವುದಾದರೆ ಬಟ್ಟೆಯಲ್ಲಿ ಕಟ್ಟಿ, ಕಾಗದಕ್ಕೆ ತಾಗದಂತೆ ಇಡಿ.

ಆಮ್ನಿಬಸ್, ಅಂದರೆ ಹತ್ತಾರು ಸಂಚಿಕೆಗಳನ್ನು ಒಟ್ಟಿಗೆ ಕಟ್ಟಿದ ದಪ್ಪ ಸಂಪುಟ, ಒಂದೊಂದೂ ಎರಡರಿಂದ ಮೂರು ಕೆ.ಜಿ. ತೂಗುತ್ತದೆ. ನಿಲ್ಲಿಸಿಟ್ಟರೆ ಒಳಗಿನ ಪುಟಗಳ ಕಟ್ಟು ಕೆಳಕ್ಕೆ ಜಗ್ಗಿ ಬೆನ್ನಿನಿಂದ ಬಿಡುತ್ತದೆ. ಮಲಗಿಸಿ, ಒಂದರ ಮೇಲೆ ಮೂರಕ್ಕಿಂತ ಹೆಚ್ಚು ಬೇಡ. ಎರಡೂವರೆ ಅಡಿ ಹಲಗೆಯ ತುಂಬ ಇವನ್ನೇ ಇಟ್ಟರೆ ಮೂವತ್ತು ಕೆ.ಜಿ. ದಾಟುತ್ತದೆ, ಪಾರ್ಟಿಕಲ್ ಬೋರ್ಡ್ ಬಾಗುತ್ತದೆ. ನಡುವೆ ಒಂದು ಆಸರೆ ಕೊಡಿಸಿ. ಗೆದ್ದಲಿನ ಕಾಟವಿದ್ದರೆ ಕಪಾಟನ್ನು ಗೋಡೆಯಿಂದ ಎರಡು ಇಂಚು ದೂರ ಇಟ್ಟು, ತಿಂಗಳಿಗೊಮ್ಮೆ ಹಿಂಬದಿಗೆ ಟಾರ್ಚ್ ಹಾಕಿ ನೋಡಿ.

ನೆನೆದರೆ ಮಾತ್ರ ಹೊಸ ಸಂಪುಟವೇ ಹೆಚ್ಚು ಅಪಾಯದಲ್ಲಿರುತ್ತದೆ. ಹೊಳಪಿನ ಕಾಗದ ಒದ್ದೆಯಾಗಿ ಮುಚ್ಚಿದಂತೆಯೇ ಒಣಗಿದರೆ ಪುಟಗಳು ಇಟ್ಟಿಗೆಯಂತೆ ಕಚ್ಚಿಕೊಳ್ಳುತ್ತವೆ, ಮತ್ತೆ ಬಿಡಿಸಲಾಗದು. ಒಣಗುವ ಮೊದಲೇ ಒಂದೊಂದೇ ಹಾಳೆ ಬಿಡಿಸಿ, ನಡುವೆ ಬಟರ್ ಪೇಪರ್ ಹಾಕಿ, ಫ್ಯಾನ್ ಗಾಳಿಯಲ್ಲಿ ಒಣಗಿಸಿ. ಆಗಲೇ ಪುರುಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿಗೆ ಇಡಿ, ಬಿಡುವಾದಾಗ ತೆಗೆದು ಕೆಲಸ ಶುರು ಮಾಡಬಹುದು. ಬಿಸಿಲಿಗೆ ಇಡಬೇಡಿ, ರಟ್ಟು ಸೊಟ್ಟಗಾಗುತ್ತದೆ.