ಸೀಕ್ವೆನ್ಸರ್‌ನಲ್ಲಿ ಒತ್ತು ಒಂದು ಹೆಜ್ಜೆ ತಡವಾಗಿ ಬೀಳುತ್ತಿದ್ದರೆ ಟೇಬಲನ್ನು ಜರುಗಿಸಬಹುದೇ?

ದಯವಿಟ್ಟು ಜರುಗಿಸಬೇಡಿ. ಪ್ಯೂರ್ ಡೇಟಾದಲ್ಲಿ (ಪೆಟ್ಟಿಗೆಗಳನ್ನು ಕೇಬಲ್‌ಗಳಿಂದ ಜೋಡಿಸಿ ಸಂಗೀತ ನುಡಿಸುವ ತಂತ್ರಾಂಶ) ಕಟ್ಟಿದ, ಸ್ವರಗಳನ್ನು ಹೆಜ್ಜೆ ಹೆಜ್ಜೆಯಾಗಿ ಸುತ್ತಿ ಸುತ್ತಿ ನುಡಿಸುವ 16 ಹೆಜ್ಜೆಗಳ ಸೀಕ್ವೆನ್ಸರ್‌ನಲ್ಲಿ ಸ್ವರಗಳು ಸರಿಯಾಗಿದ್ದು ಒತ್ತು (ಕೆಲವು ಹೆಜ್ಜೆಗಳನ್ನು ಜೋರಾಗಿ ನುಡಿಸುವುದು) ಮಾತ್ರ ಒಂದು ಹೆಜ್ಜೆ ತಡವಾಗುತ್ತಿದೆ, ಇದು ಲೇಟೆನ್ಸಿಯೇ (ಧ್ವನಿಯನ್ನು ಹೊರಡಿಸಲು ಕಂಪ್ಯೂಟರ್ ಮಾಡುವ ತಡ) ಇರಬೇಕು, ಒತ್ತಿನ ಟೇಬಲನ್ನು (ಹೆಜ್ಜೆಗೊಂದು ಮನೆಯಂತೆ ಸಂಖ್ಯೆಗಳನ್ನಿಟ್ಟ ಪಟ್ಟಿ) ಒಂದು ಮನೆ ಸರಿಸಿ ಆಮೇಲೆ 32 ಹೆಜ್ಜೆಗಳಿಗೆ ಬೆಳೆಸಬಹುದೇ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಲಕ್ಷಣವನ್ನು ಕಂಡು, ಇದೇ ತೀರ್ಮಾನಕ್ಕೆ ಬಂದು, ಇದೇ ಮದ್ದನ್ನು ಅರೆದಿದ್ದೆ.

ನನ್ನ ಪ್ಯಾಚ್, ಅಂದರೆ ಪೆಟ್ಟಿಗೆ ಕೇಬಲ್‌ಗಳ ಜೋಡಣೆ, ಬಹುಶಃ ನಿಮ್ಮದರಂತೆಯೇ ಇತ್ತು. ಮೆಟ್ರೋ ಎಂಬ ಪೆಟ್ಟಿಗೆ ತಾಳದಂತೆ ಬಡಿಯುತ್ತದೆ, ಬಡಿತಕ್ಕೊಮ್ಮೆ ಎಣಿಕೆ ಏರುತ್ತದೆ, 16ರಿಂದ ಭಾಗಿಸಿ ಉಳಿದ ಶೇಷವನ್ನು ಮಾಡ್ ಎಂಬ ಪೆಟ್ಟಿಗೆ ಕೊಡುತ್ತದೆ. ಹಾಗೆ ಸಿಕ್ಕ 0ಯಿಂದ 15ರವರೆಗಿನ ಸಂಖ್ಯೆ ಒಂದು ಟೇಬಲಿನಿಂದ ಸ್ವರವನ್ನೂ ಇನ್ನೊಂದರಿಂದ ವೆಲಾಸಿಟಿಯನ್ನೂ (ಸ್ವರ ಎಷ್ಟು ಜೋರಾಗಿ ನುಡಿಯಬೇಕೆಂಬ ಬಲ) ಓದಿಸಿ, ಎರಡನ್ನೂ ನೋಟ್ ಹೊರಡಿಸುವ ಮೇಕ್‌ನೋಟ್ ಎಂಬ ಪೆಟ್ಟಿಗೆಗೆ ತಲುಪಿಸುತ್ತದೆ. ಅದು ವಾರಗಟ್ಟಲೆ ತಪ್ಪಿಲ್ಲದೆ ನುಡಿಯಿತು. ಒಂದು ಸಂಜೆ ಪ್ಯಾಚ್ ಗೋಜಲಾಗಿ ಕಾಣುತ್ತಿದೆಯೆಂದು ವೆಲಾಸಿಟಿ ಟೇಬಲಿನ ಕಡೆಗೆ ಹೋಗುವ ಕೇಬಲನ್ನು ಅಳಿಸಿ, ಪೆಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿ, ಅದೇ ಎರಡು ತುದಿಗಳ ನಡುವೆ ಮತ್ತೆ ಎಳೆದೆ. ಅಷ್ಟಕ್ಕೇ ಎಲ್ಲ ಒತ್ತುಗಳೂ ಒಂದೊಂದು ಹೆಜ್ಜೆ ತಡವಾದವು.

ಕಾರಣವನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಾನು ಎಡವಿದ್ದು ಇಲ್ಲಿಯೇ. ಪ್ಯೂರ್ ಡೇಟಾದಲ್ಲಿ ಪೆಟ್ಟಿಗೆಯ ಒಂದು ಔಟ್‌ಲೆಟ್‌ನಿಂದ (ಹೊರದಾರಿಯಿಂದ) ಎರಡು ಕೇಬಲ್‌ಗಳು ಹೊರಟರೆ ಸಂದೇಶ ಎರಡರಲ್ಲಿಯೂ ಒಟ್ಟಿಗೆ ಹರಿಯುವುದಿಲ್ಲ. ಮೊದಲ ಕೇಬಲಿನ ಸಂದೇಶ ತನ್ನ ದಾರಿಯ ಕೊನೆಯವರೆಗೂ ಹೋಗಿ, ಅದರಿಂದ ಆಗಬೇಕಾದುದೆಲ್ಲ ಆಗಿ ಮುಗಿದ ಮೇಲೆಯೇ ಎರಡನೆಯದು ಹೊರಡುತ್ತದೆ. ಯಾವುದು ಮೊದಲು ಎಂಬುದು ನೀವು ಯಾವ ಕೇಬಲನ್ನು ಮೊದಲು ಎಳೆದಿರಿ ಎಂಬುದನ್ನು ಅವಲಂಬಿಸಿದೆ, ಮತ್ತು ಆ ಕ್ರಮ ಪರದೆಯ ಮೇಲೆ ಎಲ್ಲಿಯೂ ಕಾಣುವುದಿಲ್ಲ. (ಮ್ಯಾಕ್ಸ್ ಎಂಬ ಇಂಥದೇ ತಂತ್ರಾಂಶದಲ್ಲಿ ಪೆಟ್ಟಿಗೆಗಳು ನಿಂತ ಜಾಗವೇ, ಬಲದಿಂದ ಎಡಕ್ಕೆ, ಕ್ರಮವನ್ನು ನಿರ್ಧರಿಸುತ್ತದೆ, ಆದ್ದರಿಂದ ಅಲ್ಲಿ ಪೆಟ್ಟಿಗೆಯನ್ನು ಸುಮ್ಮನೆ ಎಳೆದಿಟ್ಟರೂ ಇದೇ ಅನಾಹುತವಾಗಬಹುದು.) ಇನ್ನು ಮೇಕ್‌ನೋಟ್‌ನ ಎಡ ಇನ್‌ಲೆಟ್‌ಗೆ (ಒಳದಾರಿಗೆ) ಸ್ವರ ಬಿದ್ದ ಕ್ಷಣವೇ ನೋಟ್ ಹೊರಡುತ್ತದೆ, ಆದರೆ ನಡುವಿನ ಇನ್‌ಲೆಟ್‌ಗೆ ಬಂದ ವೆಲಾಸಿಟಿಯನ್ನು ಅದು ನೆನಪಿಟ್ಟುಕೊಳ್ಳುತ್ತದೆಯೇ ಹೊರತು ಏನನ್ನೂ ನುಡಿಸುವುದಿಲ್ಲ. ನಾನು ಮೊದಲ ಬಾರಿ ಆಕಸ್ಮಿಕವಾಗಿ ವೆಲಾಸಿಟಿಯ ಕೇಬಲನ್ನೇ ಮೊದಲು ಎಳೆದಿದ್ದೆ, ಹೀಗಾಗಿ ನೋಟ್ ಹೊರಡುವ ಹೊತ್ತಿಗೆ ಸರಿಯಾದ ಬಲ ಸಿದ್ಧವಾಗಿರುತ್ತಿತ್ತು. ಅಳಿಸಿ ಮತ್ತೆ ಎಳೆದಾಗ ಅದು ಸರದಿಯ ಕೊನೆಗೆ ಹೋಯಿತು. ಅಂದಿನಿಂದ ಪ್ರತಿ ನೋಟೂ ಹಿಂದಿನ ಹೆಜ್ಜೆಯ ಬಲವನ್ನು ಹೊತ್ತು ಹೊರಡತೊಡಗಿತು.

ಇದು ನನಗೆ ಹೊಳೆಯಲಿಲ್ಲ. ಪ್ಯೂರ್ ಡೇಟಾ ಧ್ವನಿಯನ್ನು 64 ಸ್ಯಾಂಪಲ್‌ಗಳ (ಧ್ವನಿಯ ಒಂದೊಂದು ಕ್ಷಣದ ಅಳತೆಗಳ) ತುಂಡುಗಳಲ್ಲಿ ಲೆಕ್ಕ ಹಾಕುತ್ತದೆ ಎಂದು ಓದಿದ್ದೆನಾದ್ದರಿಂದ ಅದನ್ನೇ ಶಂಕಿಸಿ ಆಡಿಯೋ ಬಫರ್‌ನ (ಧ್ವನಿಯನ್ನು ತುಸು ಕೂಡಿಟ್ಟು ಹೊರಬಿಡುವ ಜಾಗದ) ಮೇಲೆ ದಿನಗಳನ್ನು ಕಳೆದೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳಿರುವಾಗ ಅಂತಹ ಒಂದು ತುಂಡು ಸುಮಾರು 1.45 ಮಿಲಿಸೆಕೆಂಡ್ ಮಾತ್ರ. ನಿಮಿಷಕ್ಕೆ 120 ಬಡಿತಗಳ ವೇಗದಲ್ಲಿ, ಬಡಿತಕ್ಕೆ ನಾಲ್ಕರಂತೆ, ಒಂದು ಹೆಜ್ಜೆ 125 ಮಿಲಿಸೆಕೆಂಡ್. ವೇಗವನ್ನು 60ಕ್ಕೆ ಇಳಿಸಿ ಕೇಳಿದ್ದರೆ ಒಂದೇ ನಿಮಿಷದಲ್ಲಿ ಸತ್ಯ ತಿಳಿಯುತ್ತಿತ್ತು: ಲೇಟೆನ್ಸಿಯಾಗಿದ್ದರೆ ತಡ ಅಷ್ಟೇ ಮಿಲಿಸೆಕೆಂಡ್‌ಗಳಲ್ಲಿ ಉಳಿಯಬೇಕು, ಆದರೆ ಅದು ಹೆಜ್ಜೆಯೊಂದಿಗೆ ತಾನೂ 250ಕ್ಕೆ ಹಿಗ್ಗಿ ಸರಿಯಾಗಿ ಒಂದು ಹೆಜ್ಜೆಯಾಗಿಯೇ ಉಳಿಯುತ್ತಿತ್ತು. ನೀವು ಮೊದಲು ಈ ಪರೀಕ್ಷೆಯನ್ನು ಮಾಡಿ.

ನಾನದನ್ನು ಮಾಡದೆ ಟೇಬಲನ್ನು ಸರಿಸಿದೆ. ಐದನೆಯ ಹೆಜ್ಜೆಯ ಒತ್ತನ್ನು ನಾಲ್ಕನೆಯ ಮನೆಯಲ್ಲಿಟ್ಟೆ, ಮೊದಲನೆಯದರ ಒತ್ತನ್ನು ಹದಿನಾರನೆಯ ಮನೆಯಲ್ಲಿಟ್ಟೆ, ಕಿವಿಗೆ ಎಲ್ಲವೂ ಸರಿಯಾಯಿತು, ಮತ್ತು ಹಾಗೆಯೇ ಸುಮಾರು 40 ಮಾದರಿಗಳನ್ನು ರಚಿಸಿ ಉಳಿಸಿದೆ. ಆಮೇಲೆ ಉದ್ದವನ್ನು 12 ಹೆಜ್ಜೆಗಳಿಗೆ ಇಳಿಸಿದಾಗ ಮೊದಲ ಹೆಜ್ಜೆಯ ಒತ್ತೇ ಮಾಯವಾಯಿತು, ಏಕೆಂದರೆ ಅದು ಕುಳಿತಿದ್ದ ಹದಿನಾರನೆಯ ಮನೆಯನ್ನು ಈಗ ಯಾರೂ ಓದುತ್ತಿರಲಿಲ್ಲ. ಹಿಮ್ಮುಖವಾಗಿ ನುಡಿಸುವ ಸೌಲಭ್ಯವನ್ನು ಸೇರಿಸಿದಾಗ ಒತ್ತುಗಳು ಎರಡು ಹೆಜ್ಜೆ ತಪ್ಪಿದವು: ಆರರಿಂದ ಐದಕ್ಕೆ ಬಂದಾಗ ಐದನೆಯ ನೋಟ್ ಆರನೆಯ ಮನೆಯ ಬಲವನ್ನು ಹೊತ್ತಿತ್ತು, ಆ ಮನೆಯಲ್ಲಿದ್ದದ್ದು ಏಳನೆಯ ಹೆಜ್ಜೆಯ ಒತ್ತು. ಹೆಜ್ಜೆಗಳನ್ನು ಯಾದೃಚ್ಛಿಕವಾಗಿ ಆರಿಸಿದಾಗಲಂತೂ ಒತ್ತಿಗೂ ಸ್ವರಕ್ಕೂ ಸಂಬಂಧವೇ ಉಳಿಯಲಿಲ್ಲ. ಕ್ರಮದಲ್ಲಿದ್ದ ದೋಷವನ್ನು ನಾನು ದತ್ತಾಂಶದೊಳಕ್ಕೆ ಬರೆದುಬಿಟ್ಟಿದ್ದೆ, ಆ 40 ಮಾದರಿಗಳನ್ನೂ ಒಂದೊಂದಾಗಿ ಬಿಚ್ಚಿ ತಿದ್ದಬೇಕಾಯಿತು.

ನಿಜವಾದ ಪರಿಹಾರ ಒಂದೇ ಪೆಟ್ಟಿಗೆ. ಮಾಡ್‌ನ ಕೆಳಗೆ ‘ಟ್ರಿಗರ್ ಫ್ಲೋಟ್ ಫ್ಲೋಟ್’ ಇಡಿ. ಅದು ಯಾವಾಗಲೂ ಬಲಗಡೆಯ ಔಟ್‌ಲೆಟ್‌ನಿಂದ ಮೊದಲು, ಎಡದಿಂದ ಆಮೇಲೆ ಸಂದೇಶ ಕಳುಹಿಸುತ್ತದೆ. ಬಲಗಡೆಯದನ್ನು ವೆಲಾಸಿಟಿಯ ಟೇಬಲಿಗೂ ಎಡಗಡೆಯದನ್ನು ಸ್ವರದ ಟೇಬಲಿಗೂ ಜೋಡಿಸಿ. ಸಂದೇಶ ಒಂದು ಔಟ್‌ಲೆಟ್‌ನಿಂದ ಎರಡು ಕಡೆಗೆ ಕವಲೊಡೆಯುವಲ್ಲೆಲ್ಲ ಟ್ರಿಗರ್ ಇರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಈಗ ಅದಿಲ್ಲದೆಯೂ ಸರಿಯಾಗಿ ನುಡಿಯುತ್ತಿದ್ದರೂ ಸಹ.

ಇದನ್ನು ಬಿಟ್ಟು, ಮಾಡ್ಯೂಲ್‌ಗಳನ್ನು ಕೇಬಲ್‌ಗಳಿಂದ ಜೋಡಿಸುವ ಸಿಂಥಸೈಜರ್ ತಂತ್ರಾಂಶವಾದ ವಿಸಿವಿ ರ‍್ಯಾಕ್‌ಗೆ ಹೋದರೂ ಕ್ರಮದ ಪ್ರಶ್ನೆ ನಿಮ್ಮನ್ನು ಬಿಡುವುದಿಲ್ಲ. ಅಲ್ಲಿ ಪ್ರತಿ ಕೇಬಲ್ ಒಂದು ಸ್ಯಾಂಪಲ್‌ನಷ್ಟು ತಡ ಮಾಡುತ್ತದೆ. ರೀಸೆಟ್ (ಮೊದಲ ಹೆಜ್ಜೆಗೆ ಮರಳಿಸುವ ಸಂಕೇತ) ನೇರವಾಗಿ ಬಂದು ಕ್ಲಾಕ್ (ಮುಂದಿನ ಹೆಜ್ಜೆಗೆ ನಡೆಸುವ ಬಡಿತ) ಇನ್ನೊಂದು ಮಾಡ್ಯೂಲನ್ನು ಹಾದು ಬಂದರೆ, ಸೀಕ್ವೆನ್ಸರ್ ಮೊದಲ ಹೆಜ್ಜೆಗೆ ಮರಳಿದೊಡನೆ ಎರಡನೆಯದಕ್ಕೆ ಜಿಗಿಯುತ್ತದೆ. ಆದ್ದರಿಂದಲೇ ರೀಸೆಟ್ ಬಂದ ಮೇಲೆ 1 ಮಿಲಿಸೆಕೆಂಡ್‌ವರೆಗೆ ಕ್ಲಾಕನ್ನು ಕಡೆಗಣಿಸಬೇಕೆಂದು ಅದರ ಮಾಡ್ಯೂಲ್ ರಚನೆಯ ಕೈಪಿಡಿ ಹೇಳುತ್ತದೆ.

16 ಬೇಕೇ 32 ಬೇಕೇ ಎಂಬುದನ್ನು ಈಗ ನಿರ್ಧರಿಸುವ ಅಗತ್ಯವೇ ಇಲ್ಲ. ಟೇಬಲ್ 64 ಮನೆಗಳದ್ದಿರಲಿ, ಉದ್ದವನ್ನು ಮಾಡ್‌ನ ಬಲಗಡೆಯ ಇನ್‌ಲೆಟ್‌ಗೆ ಹೊರಗಿನಿಂದ ಕೊಡಿ.

ಟ್ರಿಗರ್ ಇಟ್ಟ ಮೇಲೆ ಮೊದಲ ಹೆಜ್ಜೆಗೆ ಮಾತ್ರ ಒತ್ತು ಕೊಟ್ಟು, ಮುಮ್ಮುಖವಾಗಿ, ಹಿಮ್ಮುಖವಾಗಿ, 12 ಹೆಜ್ಜೆಗಳಲ್ಲಿ, 7 ಹೆಜ್ಜೆಗಳಲ್ಲಿ ನುಡಿಸಿ. ಬಳಿಕ ಟ್ರಿಗರ್‌ನಿಂದ ಹೊರಡುವ ಎರಡೂ ಕೇಬಲ್‌ಗಳನ್ನು ಅಳಿಸಿ, ಅದೇ ಔಟ್‌ಲೆಟ್‌ಗಳಿಂದ ಬೇರೆ ಕ್ರಮದಲ್ಲಿ ಎಳೆದು ಮತ್ತೊಮ್ಮೆ ಕೇಳಿ. ಒತ್ತು ಆಗಲೂ ಅದೇ ಸ್ವರದ ಮೇಲಿದ್ದರೆ ಹೊಸ ಮಾದರಿಗಳನ್ನು ಉಳಿಸಲು ತೊಡಗಬಹುದು.